ಹದಿನಾಲ್ಕನೇ ಹಾಸಿಗೆಯ ಬೋರ್ಡು

ಮಾರಪ್ಪ ಹೋಗಿ ತಿಂಗಳಾಯಿತು. ತಿಥಿಯ ಊಟಕ್ಕೆ ಬಂದವರು ಎಲೆಯ ಮುಂದೆ ಕೂತು, ಎಂಥಾ ತಾಳ್ಮೆಯ ಮನುಷ್ಯ, ಒಂದು ದಿನ ಯಾರಿಗೂ ಎದುರಾಡಿದವನಲ್ಲ ಎಂದು ಹೇಳಿಕೊಂಡರು. ಸತ್ತವರನ್ನು ಹೊಗಳುವ ಭರದಲ್ಲಿ ಸತ್ತವನು ಯಾರು ಎಂಬುದೇ ಜನರಿಗೆ ಮರೆತುಹೋಗುತ್ತದೆ. ಮಾರಪ್ಪನಿಗೆ ತಾಳ್ಮೆ ಇರಲಿಲ್ಲ. ಬೆಳಿಗ್ಗೆ ಆರೂಕಾಲರ ಬಸ್ಸಿಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟರೆ ಕಂಡಕ್ಟರನಿಂದ ಶುರುವಾಗಿ, ಸಂಜೆ ಮನೆ ಸೇರುವಷ್ಟರಲ್ಲಿ ಊರಿನ ಅರ್ಧ ಜನರ ಮೇಲೆ ಅವನಿಗೆ ಬೇಸರ ಬಂದಿರುತ್ತಿತ್ತು. ಉಳಿದರ್ಧ ಜನ ಅವತ್ತು ಅವನ ಕಣ್ಣಿಗೆ ಬಿದ್ದಿರುತ್ತಿರಲಿಲ್ಲ, ಅಷ್ಟೆ.

ಶಿವಮೊಗ್ಗದ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಅವನು ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ. ಹುದ್ದೆಯ ಹೆಸರು ವಾರ್ಡ್ ಬಾಯ್. ಐವತ್ತೇಳು ವರ್ಷಕ್ಕೂ ಬಾಯ್ ಅಂತಾರಲ್ಲ, ನಾನು ಯಾವಾಗ ದೊಡ್ಡವನಾಗೋದು ಎಂದು ಸಂಬಳದ ಚೀಟಿ ಬಂದಾಗಲೆಲ್ಲ ಗೊಣಗುತ್ತಿದ್ದ. ಸ್ಟ್ರೆಚರ್ ತಳ್ಳುವುದು, ಆಕ್ಸಿಜನ್ ಸಿಲಿಂಡರ್ ಉರುಳಿಸಿಕೊಂಡು ಬರುವುದು, ಲ್ಯಾಬಿಗೆ ರಕ್ತ ಮುಟ್ಟಿಸುವುದು, ಆಪರೇಷನ್ ಇರುವವರ ಮಂಚಕ್ಕೆ ಬೆಳಿಗ್ಗೆ ‘ಬಾಯಿಗೆ ಏನೂ ಕೊಡಬಾರದು’ ಎಂಬ ರಟ್ಟಿನ ಬೋರ್ಡು ಕಟ್ಟುವುದು ಅವನ ಕೆಲಸ. ಆ ಬೋರ್ಡಿಗೆ ಅವನಿಟ್ಟ ಹೆಸರು ಉಪವಾಸದ ಬೋರ್ಡು.

ಅವನಿಗೆ ಎಲ್ಲಕ್ಕಿಂತ ಹೆಚ್ಚು ರೇಗುತ್ತಿದ್ದದ್ದು ಹಣ್ಣು ಹಂಚಲು ಬರುವವರ ಮೇಲೆ. ಯಾರದೋ ಹುಟ್ಟುಹಬ್ಬಕ್ಕೆ, ಯಾವುದೋ ಸಂಘದ ವಾರ್ಷಿಕೋತ್ಸವಕ್ಕೆ, ಕಾಲೇಜುಗಳ ಸೇವಾ ಸಪ್ತಾಹಕ್ಕೆ ಬ್ಯಾನರ್ ಹಿಡಿದು ಮೂವತ್ತು ನಲವತ್ತು ಮಂದಿ ವಾರ್ಡಿಗೆ ನುಗ್ಗುತ್ತಿದ್ದರು. ದವಡೆ ಮುರಿದು ತಂತಿ ಕಟ್ಟಿಸಿಕೊಂಡು ಮಲಗಿದವನ ಕೈಗೆ ಸೇಬು ಕೊಟ್ಟು ಹೋಗುತ್ತಿದ್ದರು. ಸಕ್ಕರೆ ಕಾಯಿಲೆಗೆ ಕಾಲಿನ ಬೆರಳು ತೆಗೆಸಿಕೊಂಡವರಿಗೆ ಒಂದು ಚಿಪ್ಪು ಬಾಳೆಹಣ್ಣು. ಅವರು ಹೋದ ಮೇಲೆ ಸಿಪ್ಪೆ ಬಳಿಯುವವನು ಮಾರಪ್ಪ. ಒಂದು ಸಲ ಸ್ಟ್ರೆಚರ್ ಚಕ್ರದ ಕೆಳಗೆ ಸಿಪ್ಪೆ ಸಿಕ್ಕಿ, ರೋಗಿ ಸಮೇತ ಗೋಡೆಗೆ ಹೋಗಿ ಗುದ್ದಿದ್ದ. ಭದ್ರಾವತಿಯ ಕಾರ್ಖಾನೆ ಲೈನಿನಲ್ಲಿ ಆಡಿ ಬೆಳೆದವನಾದ್ದರಿಂದ ಅವನಿಗೆ ತಮಿಳು, ತೆಲುಗಿನ ಬೈಗುಳಗಳೂ ಬರುತ್ತಿದ್ದವು. ಹಣ್ಣಿನ ಬುಟ್ಟಿ ಕಂಡ ದಿನ ಮೂರೂ ಭಾಷೆ ಬೇಕಾಗುತ್ತಿತ್ತು.

ಯಲ್ಲಮ್ಮ ಅವನ ಬೀದಿಯಿಂದ ಎರಡು ಬೀದಿ ಆಚೆಯವಳು. ಭದ್ರಾವತಿಯ ಒಂದು ಮೆಸ್ಸಿನಲ್ಲಿ ಹದಿನೆಂಟು ವರ್ಷ ಅನ್ನ ಬೇಯಿಸಿದ್ದಳು. ಗಂಜಿ ಬಸಿಯಲು ದೊಡ್ಡ ತಪ್ಪಲೆ ಎತ್ತಿ ಎತ್ತಿ ಹೊಕ್ಕುಳ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಹರ್ನಿಯಾ, ಆಪರೇಷನ್ ಆಗಲೇಬೇಕು ಅಂದರು ಡಾಕ್ಟರು. ಮೊದಲ ಸಲ ಬಿಪಿ ಜಾಸ್ತಿ ಎಂದು ಮನೆಗೆ ಕಳಿಸಿದ್ದರು. ಎರಡನೇ ಸಲ ಅರಿವಳಿಕೆಯ ಡಾಕ್ಟರು ರಜೆಯಲ್ಲಿದ್ದರು. ಇನ್ನು ಮುಂದಕ್ಕೆ ಹಾಕಬೇಡಿ, ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು ಎಂದು ಹೇಳಿ ಮೂರನೇ ದಿನಾಂಕ ಒಂದು ಮಂಗಳವಾರಕ್ಕೆ ಕೊಟ್ಟಿದ್ದರು.

ದಿನಾಂಕ ಸಿಕ್ಕರೆ ಸಾಲದು. ಆಪರೇಷನ್ ಆದವರ ಜೊತೆ ಒಬ್ಬರು ಮೂರು ದಿನ ಹಗಲೂ ರಾತ್ರಿ ಇರಬೇಕು. ಇಲ್ಲದಿದ್ದರೆ ಪಟ್ಟಿಗೆ ಹೆಸರೇ ಹಾಕುತ್ತಿರಲಿಲ್ಲ. ಯಲ್ಲಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ತಂಗಿಯ ಮಗಳು ಮಧುಶ್ರೀ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರನ್ನು ಕಾಡಿ ಬೇಡಿ ರಜೆ ತಂದಿದ್ದಳು. ಅದು ಅವಳ ಕೊನೆಯ ರಜೆ.

ಆ ಮಂಗಳವಾರ ಪಟ್ಟಿಯಲ್ಲಿ ನಾಲ್ಕು ಹೆಸರಿತ್ತು. ಮಾರಪ್ಪ ಮೂರು ಮಂಚಕ್ಕೆ ಬೋರ್ಡು ಕಟ್ಟಿದ. ನಾಲ್ಕನೆಯದು ಹದಿನಾಲ್ಕನೇ ಹಾಸಿಗೆ, ಯಲ್ಲಮ್ಮನದು. ಅದರ ಬೋರ್ಡಿನ ದಾರ ಕಿತ್ತುಹೋಗಿತ್ತು. ಡ್ರೆಸ್ಸಿಂಗ್ ರೂಮಿನಿಂದ ಒಂದು ತುಂಡು ಬ್ಯಾಂಡೇಜ್ ತಂದು ಕಟ್ಟಿದರಾಯಿತು ಎಂದು ಬೋರ್ಡನ್ನು ಅಂಗಿಯ ಒಳಗೆ ಸಿಕ್ಕಿಸಿಕೊಂಡ. ಅಷ್ಟರಲ್ಲಿ ಕೆಳಗಿನಿಂದ ಯಾರೋ ಸ್ಟ್ರೆಚರ್‌ಗೆ ಕೂಗಿದರು. ಹೋದ. ಬರುವಾಗ ಗೇಟಿನ ಹತ್ತಿರ ಟೀ ಕುಡಿದ. ಬೋರ್ಡು ಅಂಗಿಯ ಒಳಗೇ ಇತ್ತು.

ಸವಳಂಗ ರಸ್ತೆ ಕಡೆಯ ಒಂದು ಕಾಲೇಜಿನ ಮಕ್ಕಳು ಬಂದದ್ದು ಆ ಅರ್ಧ ಗಂಟೆಯಲ್ಲಿ. ಮಧುಶ್ರೀ ಔಷಧಿ ತರಲು ಹೊರಗೆ ಹೋಗಿದ್ದಳು. ಸೇವಾ ಸಪ್ತಾಹದ ಎರಡನೇ ದಿನ. ಕೊಡುವವರು, ಬ್ಯಾನರ್ ಹಿಡಿಯುವವರು, ಫೋಟೋ ತೆಗೆಯುವವರು ಎಂದು ಕೆಲಸ ಹಂಚಿಕೊಂಡಿದ್ದರು. ಕವನಾ ಎಂಬ ಬಿಕಾಂ ಎರಡನೇ ವರ್ಷದ ಹುಡುಗಿ ಬಾಳೆಹಣ್ಣು ಸುಲಿದು ಯಲ್ಲಮ್ಮನ ಬಾಯಿಯ ಹತ್ತಿರ ಹಿಡಿದು, ಅಜ್ಜಿ, ಒಂದೇ ತುತ್ತು, ಇತ್ತ ನೋಡಿ ಅಂದಳು. ಏನೂ ತಿನ್ನಬಾರದೆಂದು ಯಲ್ಲಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅಷ್ಟು ವರ್ಷ ಊರಿಗೆಲ್ಲ ಬಡಿಸಿದವಳು ಅವಳು. ಎಲೆಯ ಮುಂದೆ ಕೂತು ಬೇಡ ಅಂದವರನ್ನು ಕಂಡರೆ ಅವಳಿಗೇ ಆಗುತ್ತಿರಲಿಲ್ಲ. ಬೆಳೆದ ಹುಡುಗಿ ಕೈಯೆತ್ತಿ ಬಾಯಿಗೆ ಕೊಡುವಾಗ ಮುಖ ತಿರುಗಿಸುವುದು ಹೇಗೆ? ಕಚ್ಚಿದಳು. ಫೋಟೋ ಸರಿ ಬರಲಿಲ್ಲವೆಂದು ಇನ್ನೊಂದು ಸಲ ಕಚ್ಚಿಸಿದರು.

ಹತ್ತು ಗಂಟೆಗೆ ಮಾರಪ್ಪ ಸ್ಟ್ರೆಚರ್ ತಂದಾಗ ಅವಳು ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಿದ್ದಳು. ದಿಂಬಿನ ಪಕ್ಕ ಅರ್ಧ ಹಣ್ಣು ಇತ್ತು.

“ಎರಡೇ ತುತ್ತು ಕಣಣ್ಣ,” ಅಂದಳು ಮೆಲ್ಲಗೆ. “ಯಾರಿಗೂ ಹೇಳಬೇಡ. ಕರ್ಕೊಂಡು ಹೋಗಿಬಿಡು.”

ಮಾರಪ್ಪನ ಸರ್ವೀಸಿನಲ್ಲಿ ಒಂದೇ ಒಂದು ಸಲ, ಹೊಟ್ಟೆಯಲ್ಲಿದ್ದದ್ದು ಮತ್ತಿನಲ್ಲಿ ಶ್ವಾಸನಾಳಕ್ಕೆ ನುಗ್ಗಿ ಒಬ್ಬ ಹುಡುಗ ಆಪರೇಷನ್ ಮೇಜಿನ ಮೇಲೇ ಹೋಗಿದ್ದ. ಆ ಸ್ಟ್ರೆಚರ್ ತಳ್ಳಿಕೊಂಡು ಬಂದವನೂ ಮಾರಪ್ಪನೇ. ಅವನು ನೇರವಾಗಿ ಶೀಲಾ ಸಿಸ್ಟರ್ ಹತ್ತಿರ ಹೋಗಿ ಹೇಳಿಬಿಟ್ಟ. ಆಪರೇಷನ್ ನಿಂತಿತು. ಸಿಸ್ಟರ್ ಬಂದು, ಬೋರ್ಡು ಇರಲಿಲ್ವಾ ಎಂದು ಕೇಳಿದಾಗ ಮಾರಪ್ಪ ಬಾಯಿ ಬಿಡಲಿಲ್ಲ. ಗುಂಪಿನಲ್ಲಿ ಯಾರೋ ಕಿತ್ತಿರಬೇಕು ಎಂದು ಸಿಸ್ಟರೇ ಹೇಳಿಕೊಂಡರು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಧ್ಯಾಹ್ನ ಯಾರೂ ಇಲ್ಲದಾಗ ಬೋರ್ಡನ್ನು ತೆಗೆದು ಕಪಾಟಿಗೆ ಸೇರಿಸಿದ.

ಹೊಸ ದಿನಾಂಕ ಮುಂದಿನ ಮಂಗಳವಾರ. ಮಧುಶ್ರೀಗೆ ರಜೆ ಇಲ್ಲ. ಯಲ್ಲಮ್ಮ ಸಂಜೆ ಬಟ್ಟೆಯ ಗಂಟು ಕಟ್ಟಿಕೊಂಡು ಎದ್ದಳು. ಮಾರಪ್ಪ ಅಡ್ಡ ನಿಂತರೂ ಅವನ ಮುಖ ನೋಡದೆ, ಇನ್ನು ಈ ಮೆಟ್ಟಿಲು ಹತ್ತಲ್ಲ, ಗಂಟು ಇದ್ದರೆ ಇರಲಿ, ನನ್ನ ಜೊತೆಗೇ ಮಣ್ಣಿಗೆ ಬರಲಿ ಎಂದು ಹೇಳಿ ಬಸ್ ಹತ್ತಿದಳು.

ಮಾರನೇ ದಿನ ಡ್ಯೂಟಿ ಮುಗಿಸಿ ಮಾರಪ್ಪ ಯೂನಿಫಾರಂನಲ್ಲೇ ಆ ಕಾಲೇಜಿಗೆ ಹೋದ. ಬ್ಯಾನರಿನ ಹೆಸರು ನೆನಪಿತ್ತು. ಸೇವಾ ಯೋಜನೆ ನೋಡಿಕೊಳ್ಳುವ ಚಂದ್ರಹಾಸ ಮೇಷ್ಟ್ರು ಮಕ್ಕಳನ್ನು ಕೂರಿಸಿಕೊಂಡು ವರದಿ ಬರೆಸುತ್ತಿದ್ದರು. ಗೋಡೆಯ ಪರದೆಯ ಮೇಲೆ ಯಲ್ಲಮ್ಮ ಬಾಯಿ ತೆರೆದುಕೊಂಡಿದ್ದಳು. ಕೆಳಗೆ ‘ಕರುಣೆಯ ಕೈತುತ್ತು’ ಎಂಬ ಸಾಲು.

ಮಾರಪ್ಪ ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದ. ಕರುಣೆ ಅನ್ನುವುದು ಕೈಯಲ್ಲಿ ಹಣ್ಣು ಇರುವುದಲ್ಲ, ಮಲಗಿದವಳು ಯಾಕೆ ಮಲಗಿದ್ದಾಳೆ ಎಂದು ಕೇಳುವುದು ಎಂದೂ ಹೇಳಿದ. ಆ ಮಾತು ಹೇಳುವಾಗ ಅವನ ದನಿ ಬಹಳ ಗಟ್ಟಿಯಾಗಿತ್ತು. ಯಾಕೆಂದು ಅವನಿಗೆ ಮಾತ್ರ ಗೊತ್ತಿತ್ತು.

“ತುತ್ತು ಕೊಟ್ಟ ಕೈ ಯಾವುದು?” ಎಂದು ಕೊನೆಗೆ ಕೇಳಿದ.

ಕವನಾ ಎದ್ದು ನಿಂತಳು.

“ಹೂವು ಹಣ್ಣು ಏನೂ ತರಬೇಡ. ಸಾರಿ ಅಂತ ಚೀಟಿನೂ ಬೇಡ. ಮೂರು ದಿನ ಅವಳ ಜೊತೆಗೆ ಇರೋಕೆ ಒಬ್ಬರು ಬೇಕು. ಬರ್ತೀಯಾ?”

ಚಂದ್ರಹಾಸ ಮೇಷ್ಟ್ರು ಕೆಟ್ಟವರಲ್ಲ. ನೂರು ಮಕ್ಕಳು, ವರ್ಷಕ್ಕೆ ಇಂತಿಷ್ಟು ಗಂಟೆಯ ಸೇವೆ, ಪ್ರತಿಯೊಂದಕ್ಕೂ ಜಾಗ ಮತ್ತು ಸಮಯ ಕಾಣುವ ಫೋಟೋ, ತಿಂಗಳ ಕೊನೆಗೆ ವರದಿ. ಅವರು ಬೇಸತ್ತ ದನಿಯಲ್ಲಿ, ರಾತ್ರಿ ಹೆಣ್ಣುಮಕ್ಕಳನ್ನು ಹೊರಗಿರಿಸಲು ನಿಯಮವಿಲ್ಲ, ವಾರ್ಷಿಕ ಯೋಜನೆಯಲ್ಲಿ ಇದು ಇಲ್ಲ, ಪ್ರಿನ್ಸಿಪಾಲರ ಒಪ್ಪಿಗೆ ಬೇಕು ಎಂದು ಒಂದೊಂದೇ ಹೇಳಿದರು. ಮಾರಪ್ಪ ಎಲ್ಲಕ್ಕೂ ತಲೆಯಾಡಿಸಿದ. ಹರ್ನಿಯಾನೂ ಅವಳ ವಾರ್ಷಿಕ ಯೋಜನೆಯಲ್ಲಿ ಇರಲಿಲ್ಲ ಸಾರ್ ಅಂದ. ಹುಡುಗರು ಯಾರೋ ನಕ್ಕರು. ಕವನಾ ನಗಲಿಲ್ಲ. ಮನೆಯಲ್ಲಿ ಕೇಳಿಕೊಂಡು ಬರ್ತೀನಿ ಅಂಕಲ್ ಅಂದಳು.

ಅವಳ ಮನೆ ದುರ್ಗಿಗುಡಿಯಲ್ಲಿ. ತಂದೆ ಸಂಸ್ಕೃತದ ಮೇಷ್ಟ್ರು, ತಾಯಿ ಸುಬ್ಬಲಕ್ಷ್ಮಿ. ಎರಡು ದಿನ ಆ ಮನೆಯಲ್ಲಿ ಇದೇ ಮಾತು ನಡೆಯಿತಂತೆ. ಇನ್ನೊಬ್ಬರ ಮಲಮೂತ್ರ ಎತ್ತಬೇಕಾ ಎಂದು ತಾಯಿ ಕೇಳಿದರು. ಹೂಂ, ಎತ್ತಬೇಕಂತೆ ಎಂದಳು ಮಗಳು. ತಂದೆಗೆ ದಯೆಯ ಮೇಲೆ ಹತ್ತು ಶ್ಲೋಕ ಬಾಯಿಗೆ ಬರುತ್ತಿದ್ದವು. ಒಂದನ್ನೂ ಹೇಳದೆ ಸುಮ್ಮನೆ ಕೂತಿದ್ದರಂತೆ. ಕೊನೆಗೆ ತಾಯಿಯೇ, ಹೋಗು, ಬಂದ ಮೇಲೆ ಹಿತ್ತಿಲ ಬಚ್ಚಲಲ್ಲಿ ತಲೆಗೆ ಸ್ನಾನ ಮಾಡದೆ ಒಳಗೆ ಕಾಲಿಡಬೇಡ ಎಂದು ಹೇಳಿ ಒಂದು ಜಮಖಾನೆ ಮಡಿಸಿಕೊಟ್ಟರು.

ಮಾರಪ್ಪ ಭಾನುವಾರ ಯಲ್ಲಮ್ಮನ ಮನೆಗೆ ಹೋದ. ಜೊತೆಗೆ ಇರಲು ಒಬ್ಬರು ಸಿಕ್ಕಿದ್ದಾರೆ ಅಂದ. ಯಾರು ಎಂದಳು. ನನಗೆ ಗೊತ್ತಿರೋ ಹುಡುಗಿ ಅಂದ. ಅರ್ಧ ಗಂಟೆ ಅವಳನ್ನು ಬೈದು, ಅರ್ಧ ಗಂಟೆ ಅವಳಿಂದ ಬೈಸಿಕೊಂಡು ಒಪ್ಪಿಸಿದ. ಹುಡುಗಿ ಯಾರೆಂದು ಆಗಲೇ ಹೇಳಿದ್ದರೆ ಮುಂದಿನ ರಂಪ ತಪ್ಪುತ್ತಿತ್ತು. ಆದರೆ ಒಂದು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು.

ಸೋಮವಾರ ಯಲ್ಲಮ್ಮ ಬಂದು ಅದೇ ಹದಿನಾಲ್ಕನೇ ಹಾಸಿಗೆಯಲ್ಲಿ ಮಲಗಿದಳು. ಕವನಾ ಮಂಗಳವಾರ ಬೆಳಿಗ್ಗೆ ಆರೂವರೆಗೆ ಜಮಖಾನೆ, ನೀರಿನ ಬಾಟಲಿ, ಕೈಗೆ ಹಚ್ಚುವ ಸ್ಯಾನಿಟೈಸರ್ ಹಿಡಿದು ಬಂದಳು. ಯಲ್ಲಮ್ಮ ಒಮ್ಮೆ ನೋಡಿದಳು. ಇನ್ನೊಮ್ಮೆ ನೋಡಿದಳು. ಗುರುತು ಸಿಕ್ಕಿತು.

“ಇವಳಾ?” ಅಂದಳು. “ನನ್ನ ಆಪರೇಷನ್ ಕೆಡಿಸಿದೋಳನ್ನೇ ತಂದು ನಿಲ್ಸಿದೀಯಲ್ಲ ಮಾರಪ್ಪ, ನಿನಗೆ ಬುದ್ಧಿ ನೆಟ್ಟಗಿದೆಯಾ?”

“ಅಜ್ಜಿ, ನಾನು...” ಎಂದು ಕವನಾ ಬಾಯಿ ತೆರೆದಳು.

“ಅಜ್ಜಿಯಂತೆ. ನಿಮ್ಮಮ್ಮನ ವಯಸ್ಸಿನೋಳು ಕಣೇ ನಾನು, ಮಾರಾಯ್ತಿ.”

ಯಲ್ಲಮ್ಮ ಎದ್ದು ಕೂತು ಸೀರೆ ಸರಿಮಾಡಿಕೊಂಡಳು. ಈ ಹುಡುಗಿ ನನ್ನ ಮೈ ಮುಟ್ಟೋದು ಬೇಡ, ನಾನು ಮನೆಗೆ ಹೋಗ್ತೀನಿ ಎಂದು ಹಟ ಹಿಡಿದಳು. ಶೀಲಾ ಸಿಸ್ಟರ್ ಬಂದು, ಜೊತೆಗೆ ಇರುವವರ ಸಹಿ ಎಂಟು ಗಂಟೆಯೊಳಗೆ ಆಗದಿದ್ದರೆ ಹೆಸರು ಹೊಡೆದುಹಾಕಿ ಮುಂದಿನವರನ್ನು ತೆಗೆದುಕೊಳ್ಳುತ್ತಾರೆ, ಬೇಗ ಹೇಳಿ ಎಂದು ಗಡಿಯಾರ ತೋರಿಸಿ ಹೋದರು. ಏಳೂಕಾಲು ಆಗಿತ್ತು. ಮಾರಪ್ಪ ಸಮಾಧಾನ ಹೇಳಿದ. ರೇಗಿದ. ಕರುಳು ಸಿಕ್ಕಿಕೊಂಡು ಸತ್ತವರ ಕಥೆ ಹೇಳಿದ. ಯಲ್ಲಮ್ಮ ಚಪ್ಪಲಿ ಹುಡುಕುತ್ತಿದ್ದಳು.

ಕವನಾ ಅಳುತ್ತಿರಲಿಲ್ಲ. ಅವಳಿಗೂ ರೇಗಿತ್ತು.

“ನಾನು ನೋಡಿಕೊಂಡೇ ಬಂದಿದ್ದೆ ಅಂಕಲ್,” ಅಂದಳು. “ಒಂಬತ್ತನೇ ಬೆಡ್‌ಗೆ ಬೋರ್ಡ್ ಇತ್ತು, ಕೊಡಲಿಲ್ಲ. ಹನ್ನೊಂದಕ್ಕೆ ಇತ್ತು, ಕೊಡಲಿಲ್ಲ. ಇವರದಕ್ಕೆ ಇರಲಿಲ್ಲ. ನೀವು ಅವತ್ತು ಎಲ್ಲರ ಮುಂದೆ ಅಷ್ಟು ಅಂದಿರಲ್ಲ, ಆಗಲೇ ಹೇಳಬೇಕು ಅಂತಿದ್ದೆ. ಹೇಳಿದ್ರೆ ತಪ್ಪಿಸಿಕೊಳ್ಳೋ ಮಾತು ಅಂತೀರಿ ಅಂತ ಸುಮ್ಮನಾದೆ.”

ಮಾರಪ್ಪ ಸ್ಟ್ರೆಚರಿನ ಹಿಡಿಕೆ ಹಿಡಿದು ನಿಂತ. ಒಂದು ವಾರದಿಂದ ಅವನಿಗೆ ಬಸ್ಸಿನ ಕಂಡಕ್ಟರ್, ಟೀ ಅಂಗಡಿಯವನು, ಮೇಷ್ಟ್ರು, ಬ್ಯಾನರ್, ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಅಷ್ಟು ಜನರ ಮೇಲೆ ಸಿಟ್ಟು ಮಾಡಿಕೊಂಡರೂ ಅದು ಮುಗಿಯದೆ ಉಳಿದಿತ್ತು.

“ಬೋರ್ಡು ನನ್ನ ಅಂಗಿಯೊಳಗಿತ್ತು,” ಅಂದ.

ಇಬ್ಬರೂ ಅವನ ಕಡೆ ತಿರುಗಿದರು. ದಾರ ಕಿತ್ತದ್ದು, ಸ್ಟ್ರೆಚರ್‌ಗೆ ಕೂಗಿದ್ದು, ಟೀ ಕುಡಿದದ್ದು, ಸಿಸ್ಟರ್ ಕೇಳಿದಾಗ ಬಾಯಿ ಮುಚ್ಚಿಕೊಂಡದ್ದು, ಮಧ್ಯಾಹ್ನ ಕಪಾಟಿಗೆ ಸೇರಿಸಿದ್ದು, ಎಲ್ಲವನ್ನೂ ಮಾರಪ್ಪ ಹೇಳಿದ. ಮೆಲ್ಲಗೆ ಹೇಳಲು ಅವನಿಗೆ ಬರುತ್ತಿರಲಿಲ್ಲ. ಪಕ್ಕದ ಮಂಚದವರೂ ತಲೆಯೆತ್ತಿ ಕೇಳಿದರು. ಹೇಳುವುದು ಮುಗಿದ ಮೇಲೂ ಯಾರನ್ನೋ ಬೈಯುವವನ ಹಾಗೇ ನಿಂತಿದ್ದ.

ಯಲ್ಲಮ್ಮ ಚಪ್ಪಲಿ ಹುಡುಕುವುದನ್ನು ಬಿಟ್ಟು ನೆಟ್ಟಗೆ ಕೂತಳು. ಆಮೇಲೆ ಶುರು ಮಾಡಿದಳು. ಮಾರಪ್ಪನ ಸರ್ವೀಸು, ಅವನ ಟೀ, ಅವನ ಅಪ್ಪ, ಹೆಣ್ಣುಮಕ್ಕಳ ಮೇಲೆ ತಪ್ಪು ಹೊರಿಸುವ ಅವನ ಗಂಡಸುತನ, ಒಂದನ್ನೂ ಬಿಡಲಿಲ್ಲ. ಎರಡೇ ಬೀದಿ ಆಚೆಯವಳಾದ್ದರಿಂದ ಅವಳಿಗೂ ತಮಿಳು ಬರುತ್ತಿತ್ತು. ಗೋಡೆಯ ಗಡಿಯಾರ ಏಳೂಮುಕ್ಕಾಲು ದಾಟಿತು. ಕವನಾಳೇ ನಡುವೆ ಬಾಯಿ ಹಾಕಿ, ಆಂಟಿ, ಬೈಯೋದು ಆಮೇಲೆ ಬೈಯಿರಿ, ಈಗ ನಾನು ಇರಲಾ ಬೇಡವಾ ಹೇಳಿ ಎಂದು ಕೇಳಿದಳು.

ಹಾಗೆ ಯಾರೂ ಯಲ್ಲಮ್ಮನನ್ನು ಕೇಳಿರಲಿಲ್ಲ. ಡಾಕ್ಟರು ದಿನಾಂಕ ಹೇಳಿದ್ದರು, ಮಾರಪ್ಪ ಒಪ್ಪಿಸಿದ್ದ, ಹುಡುಗರು ಫೋಟೋ ತೆಗೆದಿದ್ದರು. ಯಲ್ಲಮ್ಮ ಹುಡುಗಿಯ ಕೈಯಲ್ಲಿದ್ದ ಸ್ಯಾನಿಟೈಸರ್ ಬಾಟಲಿಯನ್ನು ನೋಡಿದಳು.

“ಮುಟ್ಟೋಕೆ ಮುಂಚೆ ಹೇಳಬೇಕು,” ಅಂದಳು. “ಎಲ್ಲಿ ಮುಟ್ತೀಯಾ, ಏನಕ್ಕೆ ಮುಟ್ತೀಯಾ, ಹೇಳಿ ಆಮೇಲೆ ಮುಟ್ಟು. ನೀನು ಇರು. ಇವನು ಹೋಗಲಿ.”

ಕವನಾ ಸಹಿ ಹಾಕಲು ಓಡಿದಳು. ಮಾರಪ್ಪ ಸಿಸ್ಟರ್ ಹತ್ತಿರ ಹೋಗಿ ಬೋರ್ಡಿನ ವಿಷಯ ಅಲ್ಲೂ ಹೇಳಿದ. ಶೀಲಾ ಸಿಸ್ಟರ್ ರಿಪೋರ್ಟ್ ಬರೆದರು. ಅವನಿಗೆ ಒಂದು ಮೆಮೋ ಬಂತು. ಅದನ್ನು ಅವನು ಕೊನೆಯವರೆಗೂ ಯಾರು ಕೇಳಿದರೂ ತೋರಿಸುತ್ತಿದ್ದ. ಆಮೇಲೆ ವಾರ್ಡಿಗೆ ಬಂದ ಕಾಲೇಜು ಮಕ್ಕಳಿಗೆಲ್ಲ ಮೊದಲು ಆ ಮೆಮೋ ಓದಿಸಿ, ನಂತರ ಬೆಡ್‌ಪ್ಯಾನ್ ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿದ್ದ. ಚಂದ್ರಹಾಸ ಮೇಷ್ಟ್ರು ತಿಂಗಳಿಗೆ ಇಬ್ಬರನ್ನು ಕಳಿಸತೊಡಗಿದ್ದರು. ಅರ್ಧ ಮಂದಿ ಒಂದೇ ದಿನಕ್ಕೆ ಓಡಿಹೋಗುತ್ತಿದ್ದರು. ಮಾರಪ್ಪ ಅವರನ್ನೂ ಬೈಯುತ್ತಿದ್ದ, ಉಳಿದವರನ್ನೂ ಬೈಯುತ್ತಿದ್ದ.

ಆಪರೇಷನ್ ಚೆನ್ನಾಗಿ ಆಯಿತು. ಕವನಾ ಚೆನ್ನಾಗಿ ನೋಡಿಕೊಂಡಳು ಎಂದರೆ ಸುಳ್ಳಾಗುತ್ತದೆ. ಮೊದಲ ಸಲ ಬೆಡ್‌ಪ್ಯಾನ್ ಎತ್ತಿದವಳು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಎರಡನೇ ದಿನ ಮಧ್ಯಾಹ್ನ ಫೋನ್ ನೋಡುತ್ತಾ ಕೂತು ಡ್ರಿಪ್ ಖಾಲಿಯಾದದ್ದನ್ನು ಗಮನಿಸಲಿಲ್ಲ. ಯಲ್ಲಮ್ಮನೇ ಸಿಸ್ಟರನ್ನು ಕೂಗಬೇಕಾಯಿತು. ಅವತ್ತು ಸಂಜೆ ಇನ್ನು ನನ್ನ ಕೈಲಿ ಆಗಲ್ಲ ಎಂದು ಹೇಳಿ ಮನೆಗೆ ಹೋದಳು. ಆ ರಾತ್ರಿ ಪಕ್ಕದ ಮಂಚದವಳ ಮಗಳು ಇಬ್ಬರನ್ನೂ ನೋಡಿಕೊಂಡಳು. ಮಾರಪ್ಪ ಡ್ಯೂಟಿ ಮುಗಿದರೂ ಹೋಗದೆ ಹೊರಗಿನ ಬೆಂಚಿನಲ್ಲಿ ಕೂತು, ಈಗಿನ ಮಕ್ಕಳೆಂದರೆ ಹೀಗೇ ಎಂದು ವಾಚ್‌ಮನ್ನಿಗೆ ಹೇಳಿದ್ದನ್ನೇ ಹೇಳಿದ. ಬೆಳಿಗ್ಗೆ ಆರು ಗಂಟೆಗೆ ಕವನಾ ಒದ್ದೆ ತಲೆಯಲ್ಲಿ ಮತ್ತೆ ಬಂದಳು. ಯಾಕೆ ಹೋದೆ ಎಂದು ಯಲ್ಲಮ್ಮ ಕೇಳಲಿಲ್ಲ, ಯಾಕೆ ಬಂದೆ ಎಂದೂ ಕೇಳಲಿಲ್ಲ. ಎಡಗಡೆ ಮಗ್ಗುಲಾಗಬೇಕು, ಭುಜ ಹಿಡಿ ಅಂದಳು.

ಆ ಮೂರು ದಿನ ಯಲ್ಲಮ್ಮ ಮಾರಪ್ಪನ ಜೊತೆ ಮಾತಾಡಲಿಲ್ಲ. ಅವನು ಎರಡು ಅಡಿ ದೂರದಲ್ಲಿ ನಿಂತಿದ್ದರೂ, ಅವನಿಗೆ ಹೇಳು ಕಿಟಕಿ ಹಾಕೋಕೆ ಎಂದು ಹುಡುಗಿಗೆ ಹೇಳುತ್ತಿದ್ದಳು. ಹುಡುಗಿ ತಿರುಗಿ, ಅಂಕಲ್, ಕಿಟಕಿ ಹಾಕಬೇಕಂತೆ ಅನ್ನುತ್ತಿದ್ದಳು. ಕೇಳಿಸ್ತು, ನಂಗೇನು ಕಿವುಡಾ ಎಂದು ಅವನು ಹಾಕುತ್ತಿದ್ದ.

ಶುಕ್ರವಾರ ಡಿಸ್ಚಾರ್ಜ್. ಮಧುಶ್ರೀ ಶಿಫ್ಟ್ ಮುಗಿಸಿ ಬರುವುದು ಸಂಜೆಯಾಗುತ್ತಿತ್ತು. ಮಾರಪ್ಪ ಗಾಲಿಕುರ್ಚಿ ತಂದ. ಕವನಾ ಹೊಟ್ಟೆಯ ಪಟ್ಟಿ ಬಿಗಿ ಮಾಡಿದಳು, ಮೊದಲು ಹೇಳಿ, ಆಮೇಲೆ ಮುಟ್ಟಿ. ಮೂವರೂ ಗೇಟಿನವರೆಗೆ ಬಂದರು. ಆಟೋ ನಿಂತಿತು. ಯಲ್ಲಮ್ಮ ಒಳಗೆ ಕೂತು, ಸೆರಗು ಎಳೆದುಕೊಂಡು, ನಾಲ್ಕು ದಿನದ ನಂತರ ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು.

“ಹೊಲಿಗೆ ಬಿಚ್ಚಿಸೋಕೆ ಬುಧವಾರ ಬರಬೇಕಂತೆ. ಇರ್ತೀಯಾ?”

“ಇನ್ನೆಲ್ಲಿ ಹೋಗ್ಲಿ ಮಾರಾಯ್ತಿ,” ಅಂದ ಮಾರಪ್ಪ ಬೇಸರದಿಂದ. “ಇಲ್ಲೇ ಸಾಯ್ತಿರ್ತೀನಲ್ಲ.”

ಆ ವಾರ ಅವನಿಗೆ ರಜೆ ಬಿದ್ದದ್ದು ಬುಧವಾರವೇ. ಆದರೂ ಆರೂಕಾಲರ ಬಸ್ಸಿಗೆ ಹೊರಟು ಬಂದಿದ್ದ.